ಸೀರೆಯ ಕಡಲು

ರೈಲ್ವೆ ಗೇಟಿನ ಹತ್ತಿರ ರಸ್ತೆ ದಾಟುವಾಗ ಪದ್ಮನಾಭ ಎಂದಿನಂತೆ ಎಡಗೈ ಚಾಚಿ ನಿಂತ. ರಜತ್ ಆ ಕೈಯನ್ನು ಒಮ್ಮೆ ನೋಡಿದ. ನೋಡಿ ತನ್ನ ಎರಡೂ ಕೈಗಳನ್ನು ಅಂಗಿಯೊಳಗೆ ಎಳೆದುಕೊಂಡ. ಖಾಲಿ ತೋಳುಗಳು ಎರಡೂ ಕಡೆ ಜೋಲಾಡಿದವು. ಹಾರ್ಬರಿನ ಲಾರಿಯೊಂದು ಧೂಳೆಬ್ಬಿಸಿ ಹೋಯಿತು, ಅದರ ಹಿಂದೆ ಮೀನಿನ ಬುಟ್ಟಿ ಹೇರಿದ ಸೈಕಲ್ ರಿಕ್ಷಾ. ರಸ್ತೆ ಖಾಲಿಯಾದ ಮೇಲೆ ಪದ್ಮನಾಭ ಹೆಗಲಿನ ಚೀಲದ ಪಟ್ಟಿಯನ್ನು ಕೆಳಕ್ಕೆ ಇಳಿಬಿಟ್ಟ. ಹುಡುಗ ಅಂಗಿಯ ಅಡಿಯಿಂದ ಒಂದು ಕೈ ಹೊರಗೆ ತೆಗೆದು ಪಟ್ಟಿಯ ತುದಿ ಹಿಡಿದುಕೊಂಡ. ಹಾಗೆ, ನಡುವೆ ಒಂದು ಚೀಲ ಇಟ್ಟುಕೊಂಡು, ಅಪ್ಪ ಮಗ ರಸ್ತೆ ದಾಟಿದರು.

ಪದ್ಮನಾಭ ಹಾರ್ಬರಿನ ದಾರಿಯಲ್ಲಿದ್ದ ಸಸ್ಯಾಹಾರಿ ಹೋಟೆಲೊಂದರಲ್ಲಿ ಕಾಫಿ ಮಾಡುವವನು. ಕುಂದಾಪುರದ ಕಡೆಯಿಂದ ಮದುವೆಗೆ ಮೊದಲೇ ಮದರಾಸಿಗೆ ಬಂದಿದ್ದ. ಊರಿನ ಹೆಸರು ಚೆನ್ನೈ ಎಂದು ಬದಲಾದರೂ ಅವನ ಬಾಯಲ್ಲಿ ಅದು ಮದರಾಸೇ. ಬೆಳಗಿನ ಜಾವ ಎದ್ದು ಹೋಗಿ ಹಾಲು ಕಾಯಿಸಲು ಇಟ್ಟರೆ ತಿಂಡಿಯ ಗದ್ದಲ ಮುಗಿಯುವ ತನಕ ಹಬೆಯ ಒಳಗೇ ಅವನ ಲೋಕ. ಆಮೇಲೆ ಸಿಗುವ ಬಿಡುವಿನಲ್ಲಿ ಮನೆಗೆ ಬಂದು ಮಗನನ್ನು ಶಾಲೆಗೆ ಬಿಟ್ಟು ಹೋಗುತ್ತಿದ್ದ. ಮಧ್ಯಾಹ್ನ ಹೆಂಡತಿ ಗುಣವತಿ ಹೋಗಿ ಕರೆತರುತ್ತಿದ್ದಳು. ರಜತ್ ಹಾರ್ಬರಿನ ಪಕ್ಕದ ರಾಯಪುರಂನಲ್ಲೇ ಹುಟ್ಟಿದವನು. ಮನೆಯಲ್ಲಿ ಆಡಿದ ಕನ್ನಡವೆಲ್ಲ ಅವನಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ಅದನ್ನು ಕೇಳಿ ಗುಣವತಿ ನಗುತ್ತಿದ್ದಳು, ಪದ್ಮನಾಭ ಒಳಗೊಳಗೇ ಸ್ವಲ್ಪ ನೊಂದುಕೊಳ್ಳುತ್ತಿದ್ದ.

ಆ ಡಿಸೆಂಬರಿನ ಭಾನುವಾರ ಅವನಿಗೆ ರಜೆ ಇತ್ತು. ಬೋಟು ನೋಡಬೇಕು ಎಂದು ಮಗ ಹಟ ಮಾಡಿದ್ದರಿಂದ ಇಬ್ಬರೂ ತಿಂಡಿ ತಿಂದವರೇ ಮೀನುಗಾರರ ದಡಕ್ಕೆ ಹೋಗಿದ್ದರು. ಬಿಸಿಲು ಚೆನ್ನಾಗಿ ಬಿದ್ದಿತ್ತು. ಹೆಂಗಸರು ಬಲೆ ಹರಡಿಕೊಂಡು ಕೂತಿದ್ದರು. ಆಮೇಲೆ ಏನಾಯಿತು ಎಂದು ಯಾರಾದರೂ ಕೇಳಿದರೆ ಪದ್ಮನಾಭ, ಹಾಲು ಉಕ್ಕಿದ ಹಾಗೆ, ಎಂದಷ್ಟೇ ಹೇಳುತ್ತಿದ್ದ. ಸದ್ದೇ ಇಲ್ಲದೆ ಕಡಲು ತನ್ನ ಪಾತ್ರೆಯಿಂದ ಮೇಲೆದ್ದಿತ್ತು. ಎದ್ದದ್ದು ನಿಲ್ಲಲಿಲ್ಲ. ಮಗನ ಕೈ ತನ್ನ ಕೈಯಲ್ಲಿದ್ದದ್ದು ಅವನಿಗೆ ನೆನಪಿತ್ತು, ಆ ಸಣ್ಣ ಬೆರಳುಗಳಿಗೆ ಅಂಟಿದ್ದ ಬಿಸ್ಕತ್ತಿನ ಪುಡಿ ಕೂಡ. ಅದಾದ ಮೇಲಿನ ನೆನಪೆಂದರೆ ಬೋಟಿಗೆ ಕಟ್ಟಿದ ಹಗ್ಗವನ್ನು ತಾನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದದ್ದು, ಕುತ್ತಿಗೆಯ ತನಕ ಕಪ್ಪು ನೀರು ಇದ್ದದ್ದು. ನಡುವೆ ಏನೂ ಇರಲಿಲ್ಲ. ಬಲೆಯ ರಾಶಿಯಲ್ಲಿ ಸಿಕ್ಕಿಕೊಂಡಿದ್ದ ರಜತ್‌ನನ್ನು ಯಾರೋ ಮೀನುಗಾರ ಎತ್ತಿ ದಡದ ಶೆಡ್ಡೊಂದರ ಛಾವಣಿಯ ಮೇಲೆ ಕೂರಿಸಿದ್ದ. ಮೊಣಕೈ ತರಚಿದ್ದು ಬಿಟ್ಟರೆ ಹುಡುಗನಿಗೆ ಏನೂ ಆಗಿರಲಿಲ್ಲ.

ಕೈ ಜಾರಿತು ಎಂದು ಅವನು ಗುಣವತಿಗೆ ಹೇಳಿದ್ದ. ಅವಳು ದೇವರ ಮುಂದೆ ದೀಪ ಹಚ್ಚಿ ಅಡ್ಡಬಿದ್ದಳು, ಮತ್ತೆ ಕೇಳಲಿಲ್ಲ. ಆದರೆ ಜಾರಿತೋ ಬಿಟ್ಟೆನೋ ಎನ್ನುವುದು ಅವನಿಗೇ ಗೊತ್ತಿರಲಿಲ್ಲ. ಹಬೆಯ ನಡುವೆ ನಿಂತು ಡಿಕಾಕ್ಷನ್ ಸುರಿಯುತ್ತಿದ್ದಾಗ ಒಮ್ಮೊಮ್ಮೆ ತನ್ನ ಎಡಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಕನಸಿನಲ್ಲಿ ಅದು ಎಷ್ಟು ಮಡಚಿದರೂ ಮುಚ್ಚುತ್ತಿರಲಿಲ್ಲ.

ರಜತ್ ಉಣ್ಣುತ್ತಿದ್ದ, ಮಾತಾಡುತ್ತಿದ್ದ, ಟಿ.ವಿ. ಮುಂದೆ ಕೂತು ನಗುತ್ತಲೂ ಇದ್ದ. ಅಪ್ಪನಿಗೆ ಕೈ ಕೊಡುತ್ತಿರಲಿಲ್ಲ, ಅಷ್ಟೆ. ಮೊದಲು ಇಬ್ಬರ ನಡುವೆ ಮಲಗುತ್ತಿದ್ದವನು ಈಗ ಅಮ್ಮನ ಆಚೆ ಬದಿಗೆ, ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದ.

ಶಾಲೆ ಇದ್ದದ್ದು ಚರ್ಚಿನ ಹಿಂದಿನ ಬೀದಿಯ ಒಂದು ಹಳೆಯ ಮನೆಯ ಮಹಡಿಯಲ್ಲಿ. ಅದನ್ನು ನಡೆಸುತ್ತಿದ್ದ ವಿಭಾ ಟೀಚರ ಮನೆ ಟಿ. ನಗರದ ಕಡೆ. ಅವರದು ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದ ಮಾಧ್ವರ ಕುಟುಂಬ. ಕನ್ನಡ ಮಾತಾಡುವ ಟೀಚರು ಎಂಬ ಒಂದೇ ಕಾರಣಕ್ಕೆ ಪದ್ಮನಾಭ ಮಗನನ್ನು ಅಲ್ಲಿ ಸೇರಿಸಿದ್ದ. ಅಲ್ಲಿ ಬಳಪ ಸ್ಲೇಟು ಏನೂ ಇರಲಿಲ್ಲ. ಮರಳು ತುಂಬಿದ ತೊಟ್ಟಿ, ಜೇಡಿಮಣ್ಣು, ಮರದ ತುಂಡುಗಳು, ಹುಣಸೆಬೀಜ, ತೆಂಗಿನ ಚಿಪ್ಪು, ನೀರಿನ ಆಟಕ್ಕೆ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು. ಮಕ್ಕಳು ಬೆಳಗಿನಿಂದ ಮಧ್ಯಾಹ್ನದವರೆಗೆ ಸುರಿಯುವುದು, ಅಳೆಯುವುದು, ಕಟ್ಟುವುದು, ಕೆಡವುವುದು. ಅಕ್ಷರ ಯಾವಾಗ ಎಂದು ಅವನು ಒಮ್ಮೆ ಸಂಕೋಚದಿಂದ ಕೇಳಿದ್ದ. ಬರುತ್ತದೆ, ಕೈ ಮೊದಲು ತಯಾರಾಗಲಿ ಎಂದು ವಿಭಾ ಹೇಳಿದ್ದಳು. ಸುನಾಮಿಯಾದ ಮೇಲೆ ಶಾಲೆ ಕೆಲವು ವಾರ ಮುಚ್ಚಿತ್ತು. ತೆರೆದಾಗ ತಾಯಂದಿರೆಲ್ಲ ಬಂದು, ನೀರಿನ ಟಬ್ಬನ್ನು ಮಾತ್ರ ಹೊರಗೆ ತೆಗೆಯಬೇಡಿ ಎಂದು ಕೇಳಿಕೊಂಡರು. ಟಬ್ಬು ಮೆಟ್ಟಿಲ ಕೆಳಗೆ ಬೋರಲಾಗಿ ಬಿದ್ದುಕೊಂಡಿತು.

ಫೆಬ್ರವರಿಯಲ್ಲಿ ಒಂದು ದಿನ ಗುಣವತಿಗೆ ಜ್ವರ ಬಂತು. ಮಧ್ಯಾಹ್ನ ಮಗನನ್ನು ಕರೆತರಲು ಪದ್ಮನಾಭನೇ ಹೋದ. ಹೊತ್ತಿಗೆ ಮುಂಚೆಯೇ ತಲುಪಿದ್ದ. ಮೆಟ್ಟಿಲು ಹತ್ತುವಾಗ ಮೇಲಿನಿಂದ ಒಂದು ಸದ್ದು ಕೇಳಿತು. ಹಲವು ಮಕ್ಕಳು ಸೇರಿ ಉಸಿರು ಬಿಡುವಂಥ, ಉದ್ದನೆಯ, ಮೆತ್ತಗಿನ ಸದ್ದು. ಬಾಗಿಲಿನ ಹತ್ತಿರ ಹೋಗಿ ನಿಂತ.

ಕೋಣೆಯ ತುಂಬ ನೀಲಿ ಬೆಳಕಿತ್ತು. ಎರಡು ಹಳೆಯ ನೀಲಿ ಸೀರೆಗಳನ್ನು ಉದ್ದಕ್ಕೆ ಜೋಡಿಸಿ ಹೊಲಿದಿದ್ದರು. ಅದರ ನಾಲ್ಕು ತುದಿಗಳನ್ನು ಮಕ್ಕಳು ಹಿಡಿದು ಮೇಲಕ್ಕೆ ಎತ್ತುತ್ತಿದ್ದರು, ಇಳಿಸುತ್ತಿದ್ದರು. ಕಿಟಕಿಯ ಬಿಸಿಲು ಬಟ್ಟೆಯಲ್ಲಿ ಸೋಸಿ ಗೋಡೆಯ ಮೇಲೆ, ಮಕ್ಕಳ ಮುಖದ ಮೇಲೆ ತೇಲಾಡುತ್ತಿತ್ತು. ಸ್ಟೆಲ್ಲಾ ಎಂಬ ಮೀನುಗಾರರ ಮನೆಯ ಹುಡುಗಿ ಎಲ್ಲರಿಗಿಂತ ಮುಂದೆ ನಿಂತು, ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು. ಒಬ್ಬ ಹುಡುಗ ಮರದ ತುಂಡುಗಳ ಮನೆ ಕಟ್ಟಿ ಅಲೆಗೆ ಕಾಯುತ್ತಿದ್ದ. ಅಲೆ ಬಂದು ಮನೆ ಬಿತ್ತು. ಅವನು ಯಾವ ಗಡಿಬಿಡಿಯೂ ಇಲ್ಲದೆ ಮತ್ತೆ ಕಟ್ಟತೊಡಗಿದ.

ರಜತ್ ಬಟ್ಟೆಯ ಗೊಂಬೆಯೊಂದರ ಕೈ ಹಿಡಿದು ಆ ಕಡಲಿನ ಅಂಚಿನಲ್ಲಿ ನಡೆಯುತ್ತಿದ್ದ. ನಿಧಾನವಾಗಿ, ಎದೆ ಮುಂದೆ ಮಾಡಿ, ದೊಡ್ಡವರ ಹಾಗೆ. ಅಲೆ ಎದ್ದಿತು. ಅವನು ಗೊಂಬೆಯ ಕೈ ಬಿಟ್ಟ. ಗೊಂಬೆ ಸೀರೆಯ ಅಡಿಗೆ ಹೋಯಿತು. ಅವನು ಗೋಡೆಯ ಬದಿಗೆ ಹೋಗಿ, ಎರಡೂ ಮುಷ್ಟಿಗಳನ್ನು ಒಂದರ ಮೇಲೊಂದು ಇಟ್ಟು ನಿಂತುಕೊಂಡ. ಅವನ ಮುಖದಲ್ಲಿ ಭಯವಾಗಲೀ ಸಿಟ್ಟಾಗಲೀ ಇರಲಿಲ್ಲ. ಲೆಕ್ಕವೊಂದು ತಾಳೆಯಾಗದಾಗ ಇರುವಂಥ ಗಮನ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಹೋಗಿ ಗೊಂಬೆಯನ್ನು ಎಳೆದು ತೆಗೆದ. ಮತ್ತೆ ಅದರ ಕೈ ಹಿಡಿದು ನಡೆದ. ಮತ್ತೆ ಬಿಟ್ಟ.

ಪದ್ಮನಾಭ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ತಾನು ಯಾರಿಗೂ ಹೇಳದ್ದನ್ನು, ತನಗೂ ಹೇಳಿಕೊಳ್ಳದ್ದನ್ನು ಮಗ ದಿನವೂ ಇಷ್ಟು ಜನರ ಎದುರಿಗೆ ಆಡಿ ತೋರಿಸುತ್ತಿದ್ದಾನೆ ಎಂದು ಅವನಿಗೆ ಅನ್ನಿಸಿತು. ವಿಭಾ ಅವನನ್ನು ನೋಡಿ ಹೊರಗೆ ಬಂದಳು.

"ಟೀಚರೇ, ಆ ಆಟ ಆಡ್ಸ್‌ಬೇಡಿ," ಎಂದ ಅವನು, ಗೋಡೆ ನೋಡುತ್ತ. "ಮಾಣಿಗ್ ಅದೆಲ್ಲ ಮರ್ತ್ ಹೋಯ್ಕ್."

"ನಾನು ಆಡಿಸ್ತಾ ಇಲ್ಲ ಸರ್. ಸ್ಕೂಲು ತೆರೆದ ದಿವಸವೇ ಅವರಾಗೇ ಶುರು ಮಾಡಿದ್ರು," ಎಂದಳು ವಿಭಾ. "ಮರೀಲಿ ಅಂತ ನಾವು ಬಟ್ಟೆ ಎತ್ತಿಟ್ಟುಬಿಟ್ರೆ ಅದು ಒಳಗೇ ಮಾಟಿಕೊಂಡು, ಸಿಕ್ಕಿಹಾಕಿಕೊಂಡುಬಿಡತ್ತೆ. ಇವರಿಗೆ ಹೇಳಕ್ಕೆ ಮಾತು ಬರಲ್ಲ, ಆಡಿ ಆಡಿಯೇ ತೀರಿಸ್ಕೋಬೇಕು. ಕೊಂಚ ದಿವಸ ಬಿಡಿ."

ಅವನಿಗೆ ಅದು ಒಪ್ಪಿಗೆಯಾಗಲಿಲ್ಲ. ಮಗನ ಚಪ್ಪಲಿ ಹುಡುಕಿ ತೊಡಿಸಿ ಮೆಟ್ಟಿಲು ಇಳಿಸಿದ. ಮರುದಿನದಿಂದ ಶಾಲೆಗೆ ಕಳಿಸಲಿಲ್ಲ. ಹೋಟೆಲಿನ ಧಣಿ ಕಮಲಾಕರರಿಗೆ ಬೇರೆ ಯಾವುದೋ ಇಂಗ್ಲಿಷ್ ನರ್ಸರಿಯವರ ಪರಿಚಯವಿತ್ತು. ಅಲ್ಲಿ ಬೆಂಚು, ಟೈ, ಬರೆಯುವ ಪುಸ್ತಕ ಎಲ್ಲ ಇತ್ತು. ಜೂನಿಗೆ ಸೇರಿಸೋಣ, ಅಲ್ಲಿಯ ತನಕ ಮನೆಯಲ್ಲೇ ಇರಲಿ ಎಂದು ಪದ್ಮನಾಭ ಹೆಂಡತಿಗೆ ಹೇಳಿದ. ಕಾರಣ ಹೇಳಲಿಲ್ಲ. ಅವಳು ಜ್ವರದ ಕಣ್ಣಿನಲ್ಲಿ ಅವನನ್ನೇ ನೋಡಿದಳು.

ಮನೆಯಲ್ಲಿ ರಜತ್ ಕಿಟಕಿಯ ಕೆಳಗೆ ಕೂತಿರುತ್ತಿದ್ದ. ಆಟದ ಸಾಮಾನು ಕೊಟ್ಟರೆ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ, ಆಡುತ್ತಿರಲಿಲ್ಲ. ಎಂದೋ ಬಿಟ್ಟಿದ್ದ ಅಭ್ಯಾಸ ಮರಳಿ ಬಂದು ರಾತ್ರಿ ಹಾಸಿಗೆ ಒದ್ದೆಯಾಗತೊಡಗಿತು. ಸ್ನಾನಕ್ಕೆ ತಂಬಿಗೆ ಎತ್ತಿದರೆ ಕಿರುಚುತ್ತಿದ್ದ. ಶಾಲೆಯಿದ್ದ ದಿನಗಳಲ್ಲಿ ಇಷ್ಟಿರಲಿಲ್ಲ ಎಂಬುದು ಪದ್ಮನಾಭನಿಗೂ ಕಾಣುತ್ತಿತ್ತು, ಕಂಡರೂ ಕಾಣದವನಂತೆ ಹೋಟೆಲಿಗೆ ಹೋಗುತ್ತಿದ್ದ. ಒಂದು ಸಂಜೆ ಗುಣವತಿ ಒಣಗಿದ ಬಟ್ಟೆ ಮಡಚುತ್ತ, ತಾನೂ ಆ ಆಟ ನೋಡಿದ್ದೇನೆ ಎಂದಳು. ಜನವರಿಯಿಂದಲೂ ದಿನವೂ ನೋಡಿದ್ದೇನೆ ಎಂದಳು.

"ಜಾರಿತೋ ಬಿಟ್ರಿಯೋ ನಾ ಕೇಂಬುದಿಲ್ಲೆ," ಎಂದಳು ಅವಳು, ಮಗನ ಚಡ್ಡಿಯ ಸುಕ್ಕನ್ನು ಅಂಗೈಯಲ್ಲಿ ಒತ್ತುತ್ತ. "ನೀವ್ ಇಬ್ರೂ ಮನಿಗ್ ಬಂದ್ರಿ, ನಂಗಷ್ಟ್ ಸಾಕ್. ಆದ್ರೆ ಮಾಣಿ ಕೇಂತಾ ಇದ್ದ. ಅವ ಕೇಂಬುದನ್ನ ನಿಲ್ಸ್‌ಬೇಡಿ."

ಮರುದಿನ ತಿಂಡಿಯ ಗದ್ದಲ ಇಳಿದ ಮೇಲೆ ಪದ್ಮನಾಭ ಕೈ ಕಾಲು ತೊಳೆದು, ಕಾಫಿಯ ಕಲೆಯಿದ್ದ ಬನೀನಿನ ಮೇಲೆ ಶರಟು ಹಾಕಿಕೊಂಡು ಮಗನನ್ನು ಶಾಲೆಗೆ ಕರೆದೊಯ್ದ. ಬೀದಿಯಲ್ಲಿ ಕಡಲ ಕಡೆಯ ಗಾಳಿಯಿತ್ತು. ಹಡಗೊಂದು ಎಲ್ಲೋ ಕೂಗಿತು. ರಜತ್ ಗೋಡೆಗಳನ್ನು ಮುಟ್ಟುತ್ತ ಮುಂದೆ ಮುಂದೆ ನಡೆದ.

ಮಹಡಿಯ ಬಾಗಿಲಿನಲ್ಲಿ ವಿಭಾ ರಜತ್‌ನ ಚಪ್ಪಲಿ ತೆಗೆದು ಬದಿಗಿಟ್ಟಳು. ಪದ್ಮನಾಭ ಸ್ವಲ್ಪ ಹೊತ್ತು ಇಲ್ಲೇ ಇರಬಹುದೇ ಎಂದಾಗ ಇರಬಹುದು, ಆದರೆ ನಿಂತು ನೋಡುವ ಹಾಗಿಲ್ಲ, ದೊಡ್ಡವರು ನಿಂತರೆ ಮಕ್ಕಳಿಗೆ ಅದು ಪರೀಕ್ಷೆಯಾಗಿಬಿಡುತ್ತದೆ, ಕೆಳಗೆ ಕೂತುಕೊಳ್ಳಿ ಎಂದಳು. ಅವನು ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತ. ಅಷ್ಟು ಕೆಳಗಿನಿಂದ ಕೋಣೆ ಬೇರೆಯೇ ಥರ ಇತ್ತು. ಕಿಟಕಿ ಬಲು ಎತ್ತರದಲ್ಲಿತ್ತು. ಫ್ಯಾನು ಆಕಾಶದಲ್ಲಿ ತಿರುಗುತ್ತಿತ್ತು. ಪುಟ್ಟ ಪುಟ್ಟ ಕಾಲುಗಳು ಅವನ ಸುತ್ತ ಓಡಾಡುತ್ತಿದ್ದವು. ಒಂದು ಮಗು ಬಂದು ಅವನ ಮೊಣಕಾಲ ಮೇಲೆ ಹುಣಸೆಬೀಜಗಳನ್ನು ಸಾಲಾಗಿ ಇಟ್ಟು, ಮರೆತು, ಹೊರಟುಹೋಯಿತು. ಬೀಜ ಬಿದ್ದೀತೆಂದು ಅವನು ಕಾಲು ಅಲುಗಿಸದೆ ಕೂತಿದ್ದ.

ಸ್ಟೆಲ್ಲಾ ಮೂಲೆಯಿಂದ ಸೀರೆ ಎಳೆದು ತಂದಳು. ಮಕ್ಕಳು ಹೇಳಿಸಿಕೊಳ್ಳದೆಯೇ ತುದಿಗಳನ್ನು ಹಿಡಿದರು. ಆ ಉದ್ದನೆಯ ಉಸಿರಿನ ಸದ್ದು ಶುರುವಾಯಿತು. ರಜತ್ ಗೊಂಬೆಗಳ ಬುಟ್ಟಿಯ ಹತ್ತಿರ ಹೋದ, ಒಳಗೆ ನೋಡಿದ, ಏನನ್ನೂ ತೆಗೆಯದೆ ತಿರುಗಿ ಬಂದು ಅಪ್ಪನ ಎದುರಿಗೆ ನಿಂತ.

"ನೀ ರಜತ್," ಎಂದ. "ನಾ ಅಪ್ಪಾ."

ಪದ್ಮನಾಭ ವಿಭಾಳ ಕಡೆ ನೋಡಿದ. ಅವಳು ಮಣ್ಣು ಕಲಸುತ್ತ ಇದ್ದಳು, ತಲೆ ಎತ್ತಲಿಲ್ಲ. ಅವನು ಮೊಣಕಾಲ ಮೇಲಿನ ಬೀಜಗಳನ್ನು ಒಂದೊಂದಾಗಿ ಆರಿಸಿ ನೆಲಕ್ಕಿಟ್ಟ. ಮಂಡಿಯೂರಿದ. ಆಗ ರಜತ್ ಅವನ ಎಡಗೈ ಹಿಡಿದ.

ಎರಡು ತಿಂಗಳಿನಿಂದ ಮುಟ್ಟದ ಕೈ. ಅದು ಬೆಚ್ಚಗಿತ್ತು, ಸ್ವಲ್ಪ ಅಂಟಂಟಾಗಿತ್ತು. ಪದ್ಮನಾಭನಿಗೆ ಅದನ್ನು ಬಿಗಿಯಾಗಿ ಹಿಡಿದುಬಿಡಬೇಕು ಅನ್ನಿಸಿತು. ಹಿಡಿಯಲಿಲ್ಲ. ಈಗ ಹಿಡಿಯಬೇಕಾದವನು ತಾನಲ್ಲ ಎಂಬುದು ಹೇಗೋ ಅವನಿಗೆ ಗೊತ್ತಿತ್ತು. ಮಂಡಿಯ ಮೇಲೆ ತೆವಳುತ್ತ ಮಗನ ಪಕ್ಕದಲ್ಲಿ, ಸೀರೆಯ ಅಂಚಿನಲ್ಲಿ ನಡೆದ. ರಜತ್ ಎದೆ ಮುಂದೆ ಮಾಡಿ ನಡೆಯುತ್ತಿದ್ದ. ಬೋಟುಗಳನ್ನು ತೋರಿಸಿದ. ಅಲ್ಲಿ ಬೋಟುಗಳೇನೂ ಇರಲಿಲ್ಲ, ಆದರೂ ಪದ್ಮನಾಭ ನೋಡಿದ. ನೀಲಿ ಮೇಲೆದ್ದಿತು.

ಮಗನ ಬೆರಳುಗಳು ಬಿಟ್ಟವು.

ಪದ್ಮನಾಭ ಬಿದ್ದ. ಗೊಂಬೆ ಹೇಗೆ ಬೀಳುತ್ತಿತ್ತೋ ಹಾಗೆ, ಪಕ್ಕಕ್ಕೆ. ಸೀರೆ ಅವನ ಮೇಲೆ ಇಳಿಯಿತು. ಹಳೆಯ ಬಟ್ಟೆಯ, ಸಾಬೂನಿನ, ಮಕ್ಕಳ ಬೆವರಿನ ವಾಸನೆ. ಕಣ್ಣು ಬಿಟ್ಟರೆ ಎಲ್ಲ ನೀಲಿ, ನೀಲಿಯ ಆಚೆ ಬಿಸಿಲಿನ ಒಂದು ದುಂಡನೆಯ ಕಲೆ ತೇಲುತ್ತಿತ್ತು. ಸದ್ದುಗಳೆಲ್ಲ ದೂರ ಸರಿದವು. ಗೊಂಬೆ ಇಲ್ಲಿ ಬಿದ್ದುಕೊಂಡು ಸುಮ್ಮನಿರುತ್ತಿತ್ತು. ತಾನೂ ಸುಮ್ಮನಿದ್ದರೆ ಆಟ ಮುಗಿಯುತ್ತದೆ ಎಂದು ಅವನು ಯೋಚಿಸಿದ. ಆದರೆ ತಾನು ರಜತ್. ರಜತ್ ನೀರಿನಲ್ಲಿ ಸುಮ್ಮನೆ ಇದ್ದಿರಲಾರ. ಆ ದಿನ ತನಗೆ ಕೇಳಿಸದೆ ಹೋದದ್ದು ಏನೆಂದು ಅವನಿಗೆ ಆಗ ಹೊಳೆಯಿತು. ಗಂಟಲು ತನ್ನದಲ್ಲ ಎಂಬಂತೆ ಬಾಯಿ ತೆರೆದ.

"ಅಪ್ಪಾ," ಎಂದು ಕರೆದ.

ಅಲೆಯ ಸದ್ದು ನಿಂತಿತು. ಸೀರೆ ಎತ್ತುವವರು ಎತ್ತದೆ ನಿಂತರು. ದೊಡ್ಡ ಮನುಷ್ಯನೊಬ್ಬ ಹಾಗೆ ಕರೆದದ್ದನ್ನು ಆ ಮಕ್ಕಳು ಎಂದೂ ಕೇಳಿರಲಿಲ್ಲ. ಅವನು ಮತ್ತೊಮ್ಮೆ ಕರೆದ. ಬರಿಗಾಲಿನ ಸದ್ದು ಹತ್ತಿರ ಬಂತು. ಸೀರೆಯ ಅಂಚು ಸ್ವಲ್ಪವೇ ಮೇಲೆದ್ದಿತು. ರಜತ್‌ನ ಮುಖ ತಲೆಕೆಳಗಾಗಿ ಕಾಣಿಸಿತು. ಅವನ ಎರಡು ಮುಷ್ಟಿಗಳೂ ಒಂದರ ಮೇಲೊಂದು ಇನ್ನೂ ಬಿಗಿಯಾಗಿದ್ದವು.

"ಇರ್ ಮಗಾ," ಎಂದ ಹುಡುಗ. ಎಂದೂ ಆಡದ ಅಪ್ಪನ ಕನ್ನಡದಲ್ಲಿ, ಅಪ್ಪನ ದನಿ ದಪ್ಪ ಮಾಡಿಕೊಂಡು ಹೇಳಿದ. "ನಾ ಹಗ್ಗ ಹಿಡ್ಕಂಡಿದ್ದೆ. ನೀರ್ ಹೋಯ್ಲಿ. ಬತ್ತೆ."

ಅಂಚು ಕೆಳಗಿಳಿಯಿತು. ಪದ್ಮನಾಭ ನೀಲಿಯೊಳಗೆ ಕಣ್ಣು ತೆರೆದುಕೊಂಡು ಮಲಗಿದ್ದ. ಹುಡುಗ ಎಲ್ಲವನ್ನೂ ನೋಡಿದ್ದ. ಛಾವಣಿಯ ಮೇಲಿನಿಂದಲೋ ಬಲೆಯೊಳಗಿನಿಂದಲೋ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದ ತನ್ನನ್ನು ನೋಡುತ್ತಲೇ ಇದ್ದ. ಪದ್ಮನಾಭನ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳಲಿಲ್ಲ. ಮಕ್ಕಳು ಮತ್ತೆ ಅಲೆ ಶುರು ಮಾಡಿದ್ದರು, ಆದರೆ ಈಗ ಅದು ನಿಧಾನವಾಗಿತ್ತು. ಪ್ರತಿ ಸಲ ಸೀರೆ ಇಳಿಯುವಾಗ ತಂಪು ಗಾಳಿ ಮುಖಕ್ಕೆ ತಾಗುತ್ತಿತ್ತು. ನೀರು ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆಯೋ ಅಷ್ಟು ಹೊತ್ತು ಕಾಯುವುದೆಂದು ಅವನು ಕಾದ.

ಆಮೇಲೆ ಕಾಲ ಬುಡದಲ್ಲಿ ಬಟ್ಟೆ ಸರಿದಾಡಿತು. ರಜತ್ ತೆವಳಿಕೊಂಡು ಒಳಗೆ ಬಂದ. ಬಂದದ್ದಾಯಿತು ಎಂದು ಹೇಳಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಪಕ್ಕದಲ್ಲಿ ಅಂಗಾತ ಮಲಗಿ, ಮೊದಲೆಲ್ಲ ಮನೆಯಲ್ಲಿ ಮಾಡುತ್ತಿದ್ದಂತೆ, ಒಂದು ಕಾಲೆತ್ತಿ ಅಪ್ಪನ ಹೊಟ್ಟೆಯ ಮೇಲೆ ಹಾಕಿದ. ಇಬ್ಬರೂ ಆ ಬಿಸಿಲಿನ ಕಲೆಯನ್ನು ನೋಡಿದರು. ಅದು ಹಡಗು ಎಂದ ರಜತ್, ತಮಿಳಿನಲ್ಲಿ. ಸ್ವಲ್ಪ ಹೊತ್ತಾದ ಮೇಲೆ ಹಡಗಲ್ಲ, ಮೀನು ಎಂದ. ಪದ್ಮನಾಭ ಹೂಂ ಎಂದ. ಇನ್ನೊಮ್ಮೆ ಹೂಂ ಎನ್ನುವಷ್ಟರಲ್ಲಿ ದನಿ ಎಲ್ಲಿಗೋ ಇಳಿದುಹೋಯಿತು. ಬೆಳಗಿನ ಜಾವದಿಂದ ನಿಂತ ಕಾಲು, ಎಷ್ಟೋ ದಿನಗಳಿಂದ ಸರಿಯಾಗಿ ಮುಚ್ಚದ ಕಣ್ಣು.

ವಿಭಾ ಮಣ್ಣಿನ ಕೈ ತೊಳೆದು ಬಂದು ನೋಡಿದಾಗ ಸೀರೆ ನೆಲಕ್ಕೆ ಇಳಿದಿತ್ತು. ತುದಿ ಹಿಡಿದಿದ್ದ ಮಕ್ಕಳು ಅದನ್ನು ಬಿಟ್ಟು ಸುತ್ತ ನಿಂತಿದ್ದರು. ನೀಲಿಯ ನಡುವೆ ಒಂದು ದೊಡ್ಡ ಉಬ್ಬು, ಅದಕ್ಕೆ ತಗುಲಿ ಒಂದು ಸಣ್ಣ ಉಬ್ಬು, ಎರಡೂ ಒಂದೇ ಸಮನೆ ಏರಿ ಇಳಿಯುತ್ತಿದ್ದವು. ಹೋಟೆಲಿನಲ್ಲಿ ಮಧ್ಯಾಹ್ನದ ಕಾಫಿಗೆ ಅವನನ್ನು ಹುಡುಕುತ್ತಿರಬಹುದು ಎಂದು ಅವಳಿಗೆ ನೆನಪಾಯಿತು. ಎಬ್ಬಿಸಲೆಂದು ಒಂದು ಹೆಜ್ಜೆ ಮುಂದಿಟ್ಟಳು. ಸ್ಟೆಲ್ಲಾ ತುಟಿಯ ಮೇಲೆ ಬೆರಳಿಟ್ಟು ಅವಳನ್ನು ತಡೆದಳು.

"ಕಡಲ್ ತೂಂಗುದು, ಮಿಸ್," ಎಂದು ಪಿಸುಗುಟ್ಟಿದಳು. ಕಡಲು ಮಲಗಿದೆ ಎಂದು.

ಆಮೇಲೆ ಊಟದ ಡಬ್ಬಿ ತರಲು ಹೋಗಬೇಕಾದ ಮಕ್ಕಳೆಲ್ಲ ಗೋಡೆಗೆ ಬೆನ್ನು ಒರೆಸಿಕೊಂಡು, ನೀಲಿಯ ಅಂಚು ತುಳಿಯದಂತೆ, ತುದಿಗಾಲಿನಲ್ಲಿ ಒಬ್ಬೊಬ್ಬರಾಗಿ ದಾಟಿ ಹೋದರು.